ಐಸ್ ಇಲ್ಲದ ಪೆಟ್ಟಿಗೆ

ಮೊದಲ ಸಲ ಸೈರನ್ ಕೂಗಿದ್ದು ನಳಿನಕ್ಕನ ಗಂಜಿಗೆ.

ಕಾಪುವಿನ ಹೊರಗೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ ಇರುವ ಒಣಕಸದ ಘಟಕ ಅದು. ಸುತ್ತಲಿನ ಊರುಗಳ ಪ್ಲಾಸ್ಟಿಕ್, ರಟ್ಟು, ಬಾಟಲಿಗಳೆಲ್ಲ ಅಲ್ಲಿಗೆ ಬಂದು ಬೆಲ್ಟಿನ ಮೇಲೆ ಹರಿದು, ಹೆಂಗಸರ ಕೈಯಲ್ಲಿ ಬೇರೆ ಬೇರೆಯಾಗಿ, ಕೊನೆಗೆ ಯಂತ್ರದಲ್ಲಿ ಒತ್ತಿಸಿಕೊಂಡು ದೊಡ್ಡ ದೊಡ್ಡ ಕಟ್ಟುಗಳಾಗಿ ಲಾರಿ ಏರುತ್ತವೆ. ಕಟಪಾಡಿ ಪೇಟೆಯಲ್ಲೂ ಕಾಪು ಬೀಚಿನಲ್ಲೂ ಈಗ ಹೊಟ್ಟೆ ತುಂಬಿದಾಗ ತಾವೇ ಮೆಸೇಜ್ ಕಳಿಸುವ ಸ್ಮಾರ್ಟ್ ಡಬ್ಬಿಗಳು ಬಂದಿವೆ. ಘಟಕದ ಮಾಡಿಗೆ ಬಿಸಿಯನ್ನು ಪತ್ತೆ ಹಚ್ಚುವ ಕ್ಯಾಮೆರಾ ಬಂದಿದೆ. ಕಸದಲ್ಲಿ ಎಲ್ಲಾದರೂ ಶಾಖ ಏರಿದರೆ ಅದು ಸೈರನ್ ಊದಿ, ಬೆಲ್ಟ್ ನಿಲ್ಲಿಸಿ, ಮಣಿಪಾಲದ ಕಂಪನಿಗೆ ಸುದ್ದಿ ಮುಟ್ಟಿಸುತ್ತದೆ.

ಜೋಡಿಸಿ ಹೋದ ಮರುದಿನವೇ ಕೂಗಿತು. ಹೆಂಗಸರೆಲ್ಲ ಅಂಗಳಕ್ಕೆ ಓಡಿದರು. ಮಣಿಪಾಲದಿಂದ ಬೈಕಿನಲ್ಲಿ ಎಂಜಿನಿಯರ್ ಒಬ್ಬ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಂದಿಳಿದ. ಹೆಲ್ಮೆಟ್ ತೆಗೆಯುವಷ್ಟೂ ಪುರುಸೊತ್ತಿರಲಿಲ್ಲ ಅವನಿಗೆ.

"ಎಲ್ಲಿ? ಬೆಂಕಿ ಎಲ್ಲಿ?"

ಘಟಕದ ಸೂಪರ್‌ವೈಸರ್ ದೀಕ್ಷಿತಾ ಬೆಂಚಿನ ಮೇಲಿದ್ದ ಸ್ಟೀಲ್ ಬುತ್ತಿಯ ಮುಚ್ಚಳ ತೆಗೆದಳು. ಕುಚ್ಚಲಕ್ಕಿ ಗಂಜಿಯ ಹಬೆ ಅವನ ಹೆಲ್ಮೆಟ್ಟಿನ ಗಾಜಿಗೆ ಹೋಗಿ ಕುಳಿತಿತು.

"ಇಲ್ಲಿ ಸರ್. ಉಪ್ಪಿನಕಾಯಿಯೂ ಉಂಟು. ಅದಕ್ಕೂ ಹೆದರುತ್ತದಾ ನಿಮ್ಮ ಮೆಷಿನ್?"

ಅವನು ಹೆಲ್ಮೆಟ್ ತೆಗೆದ. ನೀರಿಳಿಯುವ ಮುಖದಲ್ಲಿ ಸಿಟ್ಟು ಬರಬೇಕಾದ ಜಾಗದಲ್ಲಿ ನಗು ಬಂತು. ಆ ನಗುವನ್ನು ಅವಳು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಪಕ್ಕದಲ್ಲಿದ್ದ ನಳಿನಕ್ಕ ಅದನ್ನು ನೋಡಿದಳು. ನಳಿನಾಕ್ಷಿ ಎಂಬ ಪೂರ್ತಿ ಹೆಸರು ಅವಳಿಗೆ ಸಂಬಳದ ದಿನ ಮಾತ್ರ. ಉಳಿದಂತೆ ಎಲ್ಲರಿಗೂ ನಳಿನಕ್ಕ.

"ಬುತ್ತಿಯ ಗಂಜಿ ಕಾಣುತ್ತದೆ ಅದಕ್ಕೆ. ನಮ್ಮ ಮಂಡೆಬಿಸಿ ಮಾತ್ರ ಕಾಣುವುದಿಲ್ಲ" ಎಂದಳು ನಳಿನಕ್ಕ.

ಅವನ ಹೆಸರು ಉಜ್ವಲ್. ಕಾರ್ಕಳದವನು. ಅಂದು ಅವನು ಗಂಜಿ ಉಂಡೇ ಹೋದ.

ಎರಡನೆಯ ಸಲ ಕೂಗಿದ್ದು ಸುಳ್ಳಲ್ಲ. ರಾಶಿಯ ಮಧ್ಯದಲ್ಲಿ ಒಂದು ಪವರ್‌ಬ್ಯಾಂಕ್ ಉಬ್ಬಿ ನಿಂತಿತ್ತು. ಉಜ್ವಲ್ ಉದ್ದದ ಇಕ್ಕಳದಲ್ಲಿ ಅದನ್ನು ಎತ್ತಿ ಅಂಗಳದ ಮರಳಿನ ಡ್ರಮ್ಮಿಗೆ ಹಾಕಿದ. ಲಿಥಿಯಂ ಬ್ಯಾಟರಿ ಒಳಗೊಳಗೇ ಕುದಿಯುತ್ತದೆ, ಒಂದು ಹೊತ್ತಿಕೊಂಡರೆ ಪಕ್ಕದ್ದನ್ನೂ ಹೊತ್ತಿಸುತ್ತದೆ, ನೀರಿಗೆ ಬಗ್ಗುವ ಬೆಂಕಿಯಲ್ಲ ಅದು ಎಂದು ಎಲ್ಲರಿಗೂ ವಿವರಿಸಿದ. ಹೆಂಗಸರು ತಲೆ ಅಲ್ಲಾಡಿಸಿದರು. ದೀಕ್ಷಿತಾಳಿಗೆ ಅರ್ಧ ಕೇಳಿಸಿತು. ಇನ್ನರ್ಧದಲ್ಲಿ ಅವಳು ಅವನ ಮೊಣಕೈಗೆ ಅಂಟಿಕೊಂಡಿದ್ದ ಮರಳನ್ನು ನೋಡುತ್ತಿದ್ದಳು.

ಆಮೇಲೆ ಆಫೀಸಿನ ಪರದೆಯಲ್ಲಿ ಕ್ಯಾಮೆರಾ ಹೇಗೆ ಕಾಣುತ್ತದೆಂದು ಅವಳಿಗೆ ತೋರಿಸಿದ. ತಣ್ಣಗಿದ್ದದ್ದೆಲ್ಲ ನೀಲಿ, ಬಿಸಿ ಇದ್ದದ್ದು ಹಳದಿ, ಇನ್ನೂ ಬಿಸಿಯಾದರೆ ಬಿಳಿ. ಚಿಕ್ಕ ಕೈ ಕ್ಯಾಮೆರಾವನ್ನು ಅವಳ ಕಡೆ ತಿರುಗಿಸಿದ.

"ಇದು ನಿಮ್ಮ ಮೂಗು, ನೋಡಿ. ನೀಲಿ. ಮೂಗು ಯಾವಾಗಲೂ ತಣ್ಣಗೆ."

"ಮತ್ತೆ ಇದು?"

"ಕೆನ್ನೆ." ಅವನು ಪರದೆ ಬಿಟ್ಟು ನೇರ ಅವಳನ್ನೇ ನೋಡಿದ. ಮತ್ತೆ ಪರದೆ ನೋಡಿದ. "ಈಗ ಹೆಚ್ಚಾಯ್ತು."

ಅವಳು ಕೈ ಕ್ಯಾಮೆರಾವನ್ನು ಕಸಿದು ಅವನ ಮುಖಕ್ಕೆ ಹಿಡಿದಳು. ಅಲ್ಲಿ ಕಿವಿಗಳೆರಡೂ ಬೆಳ್ಳಗಾಗಿದ್ದವು. ಯಂತ್ರದೆದುರು ಸುಳ್ಳು ಹೇಳುವುದು ಕಷ್ಟ ಎಂದು ದೀಕ್ಷಿತಾಳಿಗೆ ಅಂದು ಅನಿಸಿತು. ಮುಂದೆ ಅದೂ ಸುಲಭವೆಂದು ಅವಳು ಕಲಿತಳು.

ಮಳೆಗಾಲ ಬಲಿಯಿತು. ಸೈರನ್ ಕೂಗುವುದೂ ಹೆಚ್ಚಿತು. ಈಗಿನ ಕಸದಲ್ಲಿ ಬ್ಯಾಟರಿ ಇಲ್ಲದ ವಸ್ತುವೇ ಕಡಿಮೆ. ಮಕ್ಕಳ ಕಾರು, ಹಾಡುವ ಗೊಂಬೆ, ಕಿವಿಗೆ ಸಿಕ್ಕಿಸುವ ಇಯರ್‌ಬಡ್, ಸೇದಿ ಬಿಸಾಡುವ ವೇಪ್, ಎಲ್ಲವೂ ಚಾಕಲೇಟ್ ಕಾಗದದ ಜೊತೆಗೇ ಬರುತ್ತಿದ್ದವು. ಮರಳಿನ ಡ್ರಮ್ಮಿನಲ್ಲಿಟ್ಟದ್ದೂ ಕಾದು ಸೈರನ್ ಕೂಗಿಸುತ್ತಿತ್ತು. ಪ್ರತಿ ಕೂಗಿಗೂ ಉಜ್ವಲ್ ಬರುತ್ತಿದ್ದ. ದೀಕ್ಷಿತಾ ದುಪಟ್ಟಾ ಸರಿಮಾಡಿಕೊಂಡು ಗೇಟಿನ ಹತ್ತಿರ ಸುಮ್ಮನೆ ಕೆಲಸ ಹುಡುಕಿಕೊಳ್ಳುತ್ತಿದ್ದಳು.

"ನಿನಗೆ ಸೈರನ್ ಅಂದ್ರೆ ಮದುವೆ ವಾದ್ಯ ಆಗಿಬಿಟ್ಟಿದೆ ಮಾರಾಯ್ತಿ" ಎನ್ನುತ್ತಿದ್ದಳು ನಳಿನಕ್ಕ. "ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ. ಅಷ್ಟೇ."

ತುಳುನಾಡಿನಲ್ಲಿ ಶುಭಕಾರ್ಯ ಮಾಡದ ಆಟಿ ತಿಂಗಳು ಹಿಡಿದ ವಾರ, ಸೈರನ್ ಕೂಗದೆಯೇ ಉಜ್ವಲ್ ಬಂದ. ದೀಕ್ಷಿತಾಳನ್ನು ಕಟಪಾಡಿ ಜಂಕ್ಷನ್ನಿನ ಹೋಟೆಲಿಗೆ ಕರೆದೊಯ್ದು ಎರಡು ಚಹಾ ಹೇಳಿ, ಎರಡನ್ನೂ ಆರಲು ಬಿಟ್ಟು ಕುಳಿತ.

"ಕೆಲಸದಲ್ಲಿ ಎಂತ ಆಯ್ತು?" ಅವಳೇ ಕೇಳಿದಳು.

"ಪುರಸಭೆಯ ಸದಸ್ಯರೆಲ್ಲ ಕೋಪದಲ್ಲಿದ್ದಾರೆ. ಸೈರನ್ ಕೂಗಿದಾಗಲೆಲ್ಲ ಬೆಲ್ಟ್ ನಿಲ್ಲುತ್ತದೆ, ಲಾರಿ ಕಾಯುತ್ತದೆ. ಈ ಆಟಿ ಮುಗಿಯುವವರೆಗೆ ಒಂದು ಸಲವೂ ನಿಲ್ಲದೆ ನಡೆದರೆ ಉಡುಪಿ, ಕಾರ್ಕಳ ಎಲ್ಲಾ ಕಡೆಯ ಘಟಕಕ್ಕೂ ನಮ್ಮದೇ ಮೆಷಿನ್. ಇಲ್ಲದಿದ್ದರೆ ಬಿಚ್ಚಿಕೊಂಡು ಹೋಗಿ ಅಂತ ಹೇಳಿದ್ದಾರೆ. ನಮ್ಮ ಬಾಸ್ ಡೆನ್ವರ್ ಸರ್ ಕಂಪನಿಯೇ ಮುಚ್ಚುತ್ತಾರಂತೆ."

"ಮತ್ತೆ ನೀವು?"

"ನಾನು ಮನೆಯಲ್ಲಿ ಕೂರುವುದು." ಅವನು ಲೋಟ ತಿರುಗಿಸಿದ. "ಅಮ್ಮನ ಹತ್ತಿರ ನಿಮ್ಮ ವಿಷಯ ಹೇಳಿದ್ದೇನೆ. ಜಾತಿ ಬೇರೆ ಅಂತ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಹೇಳಿದರು, ನಿನ್ನ ಕಾಲ ಮೇಲೆ ನೀನು ನಿಂತು ಕರೆದುಕೊಂಡು ಬಾ, ಆಗ ಯಾರ ಬಾಯಿಗೂ ನಾನು ಉತ್ತರ ಕೊಡುತ್ತೇನೆ ಅಂತ."

ನನ್ನನ್ನು ಮದುವೆಯಾಗುತ್ತೀರಾ ಎಂಬ ಕೊನೆಯ ಮಾತನ್ನು ಅವನು ತುಳುವಿನಲ್ಲಿ ಕೇಳಿದ. ಆಫೀಸಿನ ಕನ್ನಡದಲ್ಲಿ ಕೇಳುವ ಮಾತಲ್ಲ ಅದು. ಎದುರಿನ ರಸ್ತೆಯಲ್ಲಿ ಬಸ್ಸಿನ ಕಂಡಕ್ಟರ್ 'ಕಾಪು, ಕಾಪು' ಎಂದು ಕೂಗುತ್ತಿದ್ದ.

"ಆಟಿಯಲ್ಲಿ ಯಾರಾದರೂ ಮದುವೆ ಮಾತು ಎತ್ತುತ್ತಾರಾ?" ಎಂದಳು ದೀಕ್ಷಿತಾ, ತಲೆ ತಗ್ಗಿಸಿ.

"ಅಂದರೆ ಆಟಿ ಮುಗಿದ ಮೇಲೆ?"

ಅವಳು ಹೂಂ ಎಂದಳು. ಅವನು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನು ಬೇಕು ಎಂಬುದಷ್ಟೇ ತಿಳಿದಿತ್ತು.

ಮನೆಗೆ ಹೋದವಳಿಗೆ ಜಗಲಿಯಲ್ಲಿ ಪೇರಿಸಿಟ್ಟ ಮೀನಿನ ಪೆಟ್ಟಿಗೆಗಳು ಕಂಡವು. ಬೋಟುಗಳು ದಡದಲ್ಲಿದ್ದ ಕಾಲ, ಪೆಟ್ಟಿಗೆಗಳಿಗೆ ಕೆಲಸವಿರಲಿಲ್ಲ. ಹೊರಗೆ ದಪ್ಪ ಪ್ಲಾಸ್ಟಿಕ್, ಒಳಗೆ ಬಿಗಿಯಾದ ಫೋಮ್, ಮೇಲೆ ಗಟ್ಟಿ ಮುಚ್ಚಳ. ಹುಟ್ಟಿದಾಗಿನಿಂದ ಅವಳು ನೋಡಿದ ವಸ್ತು. ಅದರಲ್ಲಿಟ್ಟದ್ದು ತಣ್ಣಗಿರುತ್ತದೆ ಎಂಬುದು ಆ ಮನೆಯಲ್ಲಿ ಯಾರೂ ಕಲಿಸದೆ ಬಂದ ತಿಳಿವಳಿಕೆ.

"ಅಪ್ಪ, ಒಂದು ಪೆಟ್ಟಿಗೆ ಕೊಡ್ತೀರಾ? ಘಟಕಕ್ಕೆ."

ಅವಳ ಅಪ್ಪ ಬೂಬ ಹರಿದ ಬಲೆಯ ಕಣ್ಣು ಕಟ್ಟುತ್ತಿದ್ದ. "ಎಂತ ಇಡ್ಲಿಕ್ಕೆ?"

"ಬಿಸಿಯಾಗುವ ವಸ್ತು ಉಂಟು. ತಂಪಾಗಿರಬೇಕು."

"ಹಾಗಾದರೆ ದೊಡ್ಡದೇ ತೆಕ್ಕೋ. ಬೆಳಿಗ್ಗೆ ಹಾಕಿದ ಬಂಗುಡೆ ಸಂಜೆಗೂ ಕಣ್ಣು ಬಿಟ್ಟುಕೊಂಡಿರುತ್ತದೆ ಅದರಲ್ಲಿ."

ಅಪ್ಪನಾಗಲಿ ಮಗಳಾಗಲಿ ಐಸಿನ ನೆನಪು ಮಾಡಲಿಲ್ಲ. ಐಸ್ ಇಲ್ಲದೆ ಆ ಪೆಟ್ಟಿಗೆಗೆ ಏನನ್ನಾದರೂ ತುಂಬಿದ್ದನ್ನು ಅವರಿಬ್ಬರೂ ಯಾವತ್ತೂ ಕಂಡಿರಲಿಲ್ಲ. ಹೊರಗಿನ ಬಿಸಿಯನ್ನು ಒಳಗೆ ಬಿಡದ ಪೆಟ್ಟಿಗೆ ಒಳಗಿನ ಬಿಸಿಯನ್ನೂ ಹೊರಗೆ ಬಿಡುವುದಿಲ್ಲ. ಅದರ ತಳದ ಸಂದಿಗಳಲ್ಲಿ ವರ್ಷಗಳ ಉಪ್ಪುನೀರು ಇನ್ನೂ ಆರಿರಲಿಲ್ಲ; ಉಪ್ಪುನೀರು ತಾಗಿದ ಬ್ಯಾಟರಿ ಮತ್ತಷ್ಟು ಬೇಗ ಕಾಯುತ್ತದೆ. ಇದು ಆಮೇಲೆ ತನಿಖೆಗೆ ಬಂದವರು ಹೇಳಿದ ಮಾತು. ಅಂದು ಅವಳಿಗೆ ಹೊಳೆದದ್ದು ಬೇರೆ: ಮುಚ್ಚಿದ ಪೆಟ್ಟಿಗೆಯ ಒಳಗೆ ಕ್ಯಾಮೆರಾದ ಕಣ್ಣು ಹೋಗುವುದಿಲ್ಲ.

ಕಟ್ಟುಗಳನ್ನು ಪೇರಿಸುವ ಮೂಲೆಯಲ್ಲಿ, ಬಂದವರಿಗೆ ಕಾಣದ ಹಾಗೆ, ಪೆಟ್ಟಿಗೆ ಇಟ್ಟಳು.

"ನಳಿನಕ್ಕ, ಉಬ್ಬಿದ ಬ್ಯಾಟರಿ ಸಿಕ್ಕಿದರೆ ಇನ್ನು ಡ್ರಮ್ಮಿಗೆ ಬೇಡ. ಇದರಲ್ಲಿ ಹಾಕಿ."

"ಉಜ್ವಲ್ ಹೇಳಿದ್ದಾ?"

ದೀಕ್ಷಿತಾ ಮುಚ್ಚಳ ಒರೆಸುತ್ತ, "ಹೌದು" ಎಂದಳು. ಎಷ್ಟು ಸಲೀಸಾಗಿ ಬಂತು ಆ ಮಾತು!

ಅಲ್ಲಿಂದ ಸೈರನ್ ಬಾಯಿ ಮುಚ್ಚಿತು. ಪರದೆಯ ಮೂಲೆಯ ದೀಪ ಬೆಳಗಿನಿಂದ ಸಂಜೆಯವರೆಗೆ ಹಸಿರು. ಉಜ್ವಲ್ ಬರುವುದು ಕಡಿಮೆಯಾಯಿತು, ಅವನ ಮೆಸೇಜ್ ಬರುವುದು ಹೆಚ್ಚಾಯಿತು. 'ಇವತ್ತೂ ಗ್ರೀನ್!' ಎಂದು ಅವನು ಬರೆದರೆ ಅವಳು ಒಂದು ಹಸಿರು ಎಲೆಯ ಚಿತ್ರ ಕಳಿಸುತ್ತಿದ್ದಳು. ಅದು ಅವರ ಪ್ರೇಮಪತ್ರ. ಬೇರೆಯವರು ಹೂವು ಕಳಿಸುತ್ತಾರೆ.

ಒಂದು ಮಧ್ಯಾಹ್ನ ನಳಿನಕ್ಕ ಬುತ್ತಿ ತೆರೆದು ಮಾಡಿನ ಕಡೆ ನೋಡಿದಳು. "ಎಂತ, ಇವತ್ತು ಗಂಜಿಗೂ ಸದ್ದಿಲ್ಲ? ಕುದಿ ಕುದಿ ಉಂಟು."

ದೀಕ್ಷಿತಾಳಿಗೂ ಒಂದು ಕ್ಷಣ ಹೌದಲ್ಲ ಎನಿಸಿತು. ಉಜ್ವಲ್‌ಗೆ ಫೋನ್ ಮಾಡಿ ಕೇಳಿದಳು. ಆ ಕಡೆ ಕೀಬೋರ್ಡ್ ಬಡಿಯುತ್ತಿದ್ದ ಸದ್ದು ನಿಂತಿತು.

"ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆ. ಈಗ ಅದಕ್ಕೆ ಗಂಜಿ ಯಾವುದು, ಬೆಂಕಿ ಯಾವುದು ಅಂತ ಗೊತ್ತಾಗುತ್ತದೆ."

ಅವಳು ನಂಬಿದಳು. ನಂಬುವುದು ಬೇಕಾಗಿತ್ತು.

ಘಟಕದಲ್ಲಿ ಒಂದು ಬೂದು ಬೆಕ್ಕಿತ್ತು. ಆಟಿಯ ಥಂಡಿಗೆ ಅದು ಪೆಟ್ಟಿಗೆಯ ಮುಚ್ಚಳದ ಮೇಲೆ ಮಲಗಲು ಶುರುಮಾಡಿತು. ಬೇರೆಲ್ಲೂ ಮಲಗದು; ಎಬ್ಬಿಸಿದರೂ ಮತ್ತೆ ಅಲ್ಲಿಗೇ. ಹೆಂಗಸರು ಅದನ್ನು ನೋಡಿ ನಕ್ಕರು. ದೀಕ್ಷಿತಾ ಅದರ ಫೋಟೋ ತೆಗೆದಳು, ಆದರೆ ಹಿಂದೆ ಪೆಟ್ಟಿಗೆ ಕಾಣುತ್ತಿದ್ದುದರಿಂದ ಉಜ್ವಲ್‌ಗೆ ಕಳಿಸಲಿಲ್ಲ. ಬೆಕ್ಕು ಬೆಚ್ಚಗಿನ ಜಾಗ ಹುಡುಕುತ್ತದೆಂದು ತಿಳಿಯದವಳಲ್ಲ ಅವಳು. ಆ ಯೋಚನೆ ಬಂದಾಗಲೆಲ್ಲ ಬೇರೆ ಕೆಲಸಕ್ಕೆ ಎದ್ದು ಹೋಗುತ್ತಿದ್ದಳು.

ಆಮೇಲೆ ವಾಸನೆ ಬಂತು. ಉಗುರಿನ ಬಣ್ಣ ಅಳಿಸುವ ದ್ರವದ ಹಾಗೆ ಸಿಹಿಯಾಗಿ, ಗಂಟಲು ಹಿಡಿಯುವಂಥದ್ದು. ಮುಚ್ಚಳ ಒಂದು ಬದಿಯಲ್ಲಿ ತಾನಾಗಿ ಎದ್ದು ನಿಲ್ಲತೊಡಗಿತು. ದೀಕ್ಷಿತಾ ಅಂಗಳದಿಂದ ಒಂದು ಕೆಂಪುಕಲ್ಲು ತರಿಸಿ ಅದರ ಮೇಲೆ ಹೇರಿದಳು. ಇನ್ನು ಕೆಲವೇ ದಿನ. ಆಟಿ ಮುಗಿಯಲಿ, ಆರ್ಡರ್ ಕೈಗೆ ಬರಲಿ, ಎಲ್ಲವನ್ನೂ ಹೊರಗೆ ಸಾಗಿಸೋಣ ಎಂದುಕೊಂಡಳು. ಕಲ್ಲು ಹೇರಿದ ದಿನದಿಂದ ಅವಳಿಗೆ ಊಟ ಸೇರಲಿಲ್ಲ.

ಆಟಿಯ ಕೊನೆಯ ದಿನ ಮಧ್ಯಾಹ್ನ ಸದಸ್ಯರು ಘಟಕ ನೋಡಲು ಬರುವುದಿತ್ತು. ಮಳೆ ಬಿಟ್ಟು ಬಿಸಿಲು ಬಂದಿತ್ತು. ತಗಡಿನ ಮಾಡು ಕಾದಿತ್ತು. ಉಜ್ವಲ್ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ತೊಟ್ಟು ಬೇಗನೇ ಬಂದ.

"ಗೋಳಿಬಜೆ ಆರ್ಡರ್ ಮಾಡಿದ್ದೀರಾ?" ಅವಳನ್ನು ನೋಡಿದ ಕೂಡಲೇ ಅವನು ಕೇಳಿದ ಪ್ರಶ್ನೆ ಅದು.

"ಅದಕ್ಕೆ ಇಷ್ಟು ಚಂದ ಅಂಗಿಯಾ?"

"ಅಂಗಿ ನಿಮಗೆ. ಗೋಳಿಬಜೆ ಅವರಿಗೆ." ಸ್ವರ ತಗ್ಗಿಸಿದ. "ನಾಳೆ ಸಂಜೆ ಅಮ್ಮ ನಿಮ್ಮ ಮನೆಗೆ ಬರುತ್ತಾರೆ. ಅಪ್ಪನಿಗೆ ಹೇಳಿ."

ಅವಳ ಕಣ್ಣು ತುಂಬಿತು. ಮುಖ ಮರೆಸಲು ಅತ್ತ ತಿರುಗಿದಳು. ಕಟ್ಟುಗಳ ಸಂದಿಯಿಂದ ಬೆಕ್ಕು ಬಾಲ ನಿಗುರಿಸಿಕೊಂಡು ಓಡಿಬಂದು ಗೇಟು ದಾಟಿ ಹೋಯಿತು. ನಳಿನಕ್ಕ ಕೈಯಲ್ಲಿ ಒಂದು ಉಬ್ಬಿದ ಪವರ್‌ಬ್ಯಾಂಕ್ ಹಿಡಿದು ಅದೇ ಸಂದಿಯೊಳಗೆ ಹೋಗುತ್ತಿದ್ದಳು. ಆಫೀಸಿನ ಪರದೆಯ ದೀಪ ಹಸಿರಾಗಿತ್ತು.

"ನಳಿನಕ್ಕ, ಬೇಡ! ನಿಲ್ಲಿ!"

ಕಲ್ಲು ಸರಿದ ಸದ್ದು ಕೇಳಿತು. ಆಮೇಲೆ ಕುಕ್ಕರ್ ಸೀಟಿಯಂಥ ಸದ್ದು. ಆಮೇಲೆ ನಳಿನಕ್ಕನ ಕಿರುಚಾಟ.

ಬಿಳಿ ಹೊಗೆ ಮೊದಲು ಬಂತು, ಬೆಂಕಿ ಅದರ ಹಿಂದೆಯೇ ಬಂತು. ಸೈರನ್ ಅಷ್ಟಾದ ಮೇಲೆ ಕೂಗಿತು. ಉಜ್ವಲ್ ಹೊಗೆಯೊಳಗೆ ನುಗ್ಗಿದ, ಅವನ ಬೆನ್ನಿಗೇ ದೀಕ್ಷಿತಾ. ಇಬ್ಬರೂ ಸೇರಿ ನಳಿನಕ್ಕನನ್ನು ಎಳೆದು ಹೊರಗೆ ತಂದು ಮಲಗಿಸುವಾಗ ಹಿಂದೆ ಪ್ಲಾಸ್ಟಿಕ್ ಕಟ್ಟುಗಳು ಹೊತ್ತಿಕೊಂಡಿದ್ದವು. ಮರಳು ಎರಚಿದರು, ಸಾಲಲಿಲ್ಲ. ಅಗ್ನಿಶಾಮಕದವರು ಬರುವ ಹೊತ್ತಿಗೆ ಹೆದ್ದಾರಿಯ ವಾಹನಗಳು ಹಗಲಲ್ಲೇ ಹೆಡ್‌ಲೈಟ್ ಹಾಕಿಕೊಂಡು ಹೋಗುತ್ತಿದ್ದವು.

ನಳಿನಕ್ಕನ ಬಲಗೈ ಮೊಣಕೈಯವರೆಗೆ ಸುಟ್ಟಿತ್ತು. ಸಂಜೆ ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಕೈ ಅದು.

ಮಣಿಪಾಲದ ಆಸ್ಪತ್ರೆಯ ವರಾಂಡದಲ್ಲಿ ಅವರಿಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತಿದ್ದರು. ನೀಲಿ ಅಂಗಿ ಎಲ್ಲೆಲ್ಲೂ ಕಪ್ಪಾಗಿತ್ತು. ಅವನ ಫೋನ್ ಬಂತು. ಡೆನ್ವರ್ ಸರ್ ಮಾತಾಡಿದ್ದು ಅವಳಿಗೂ ಕೇಳಿಸಿತು.

"ಆ ಹೆಂಗಸು ಒಪ್ಪಿಕೊಂಡಿದೆ ಉಜ್ವಲ್. ಪೆಟ್ಟಿಗೆ ತಂದದ್ದೂ ಬ್ಯಾಟರಿ ತುಂಬಿದ್ದೂ ತಾನೇ ಅಂತ ಆಂಬುಲೆನ್ಸಿನಲ್ಲೇ ಹೇಳಿದೆಯಂತೆ. ಹಾಗೇ ರಿಪೋರ್ಟ್ ಮಾಡು. ಮೆಷಿನ್ ಸರಿ ಇತ್ತು. ಕೆಲಸದವರ ತಪ್ಪು. ಆರ್ಡರ್ ಹೋಗಲಿಕ್ಕಿಲ್ಲ."

ಮಾತು ಮುಗಿದ ಮೇಲೂ ಉಜ್ವಲ್ ಫೋನಿನ ಪರದೆಯನ್ನು ಒತ್ತುತ್ತ ಕುಳಿತ.

"ಪೆಟ್ಟಿಗೆ ತಂದದ್ದು ನಾನು" ಎಂದಳು ದೀಕ್ಷಿತಾ. "ನಿಮ್ಮ ಹೆಸರು ಹೇಳಿ ಅದರಲ್ಲಿ ಹಾಕಿಸಿದ್ದೂ ನಾನು. ಕ್ಯಾಮೆರಾಕ್ಕೆ ಕಾಣಬಾರದು ಅಂತ. ಆಟಿ ಮುಗಿಯುವವರೆಗೆ ಕೂಗಬಾರದು ಅಂತ."

ಉಜ್ವಲ್ ಅವಳ ಕಡೆ ನೋಡಲಿಲ್ಲ.

"ಅಪ್‌ಡೇಟ್ ಆಗಿರಲಿಲ್ಲ" ಎಂದ. "ಐವತ್ತು ಡಿಗ್ರಿಗೆ ಕೂಗಬೇಕಾದದ್ದನ್ನು ನಾನು ಎಪ್ಪತ್ತೈದಕ್ಕೆ ಏರಿಸಿದ್ದೆ. ಈಗ ಫೋನಿನಲ್ಲಿ ನೋಡಿದೆ. ಬೆಳಗಿನಿಂದಲೇ ಆ ಮೂಲೆ ಐವತ್ತೆಂಟು ತೋರಿಸುತ್ತಿತ್ತು. ಎಷ್ಟು ಮುಚ್ಚಿದರೂ ಅಷ್ಟು ಬಿಸಿ ಹೊರಗೆ ಬಂದಿತ್ತು."

"ಯಾವಾಗ ಏರಿಸಿದ್ದು?"

"ಕಟಪಾಡಿಯಲ್ಲಿ ಚಹಾ ಕುಡಿದೆವಲ್ಲ, ಆ ದಿನವೇ. ನಿಮ್ಮನ್ನು ಕಳೆದುಕೊಳ್ಳುವುದಕ್ಕೆ ನನ್ನಿಂದ ಆಗುತ್ತಿರಲಿಲ್ಲ ದೀಕ್ಷಿತಾ."

ಎಷ್ಟೋ ದಿನದಿಂದ ಅವಳು ಕೇಳಬೇಕೆಂದಿದ್ದ ಮಾತು ಅದು. ಫಿನೈಲಿನ ವಾಸನೆಯ ವರಾಂಡದಲ್ಲಿ ಕುಳಿತು ಅದನ್ನು ಕೇಳಿದಳು. ಅವನ ಮೇಲೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. ಪ್ರೀತಿ ಮೊದಲಿನಷ್ಟೇ ಇತ್ತು. ಅದೇ ಅವಳನ್ನು ಹೆದರಿಸಿತು.

"ಹೇಳಿದರೆ ಕೇಸ್ ಆಗುತ್ತದೆ. ಕೆಲಸ ಹೋಗುತ್ತದೆ. ಅಮ್ಮ ನಾಳೆ ಬರುವುದಿಲ್ಲ" ಎಂದ ಉಜ್ವಲ್.

"ಹೇಳದಿದ್ದರೆ ನಳಿನಕ್ಕನಿಗೆ ಪರಿಹಾರ ಇಲ್ಲ. ಇದ್ದ ಕೆಲಸವೂ ಇಲ್ಲ. ಮದುವೆ ಕಾಗದ ಕೊಡಲಿಕ್ಕೆ ಅವರ ಮನೆಗೆ ಯಾವ ಮುಖ ಹೊತ್ತುಕೊಂಡು ಹೋಗುವುದು? ಅವರು ಯಾವ ಕೈಯಲ್ಲಿ ತೆಗೆದುಕೊಳ್ಳುವುದು?" ಅವಳು ಎದ್ದಳು. "ನನ್ನದನ್ನು ನಾನು ಹೇಳುತ್ತೇನೆ. ನಿಮ್ಮದು ನಿಮಗೆ ಬಿಟ್ಟದ್ದು."

ಅವಳು ವಾರ್ಡಿನ ಬಾಗಿಲು ತಳ್ಳುವಾಗ ಅವನ ಹೆಜ್ಜೆ ಹಿಂದೆ ಕೇಳಿಸಿತು.

ನಳಿನಕ್ಕ ಎಚ್ಚರದಲ್ಲಿದ್ದಳು. ಬಟ್ಟೆ ಸುತ್ತಿದ ಕೈಯನ್ನು ಎತ್ತರಕ್ಕೆ ಇಟ್ಟಿದ್ದರು. ದೀಕ್ಷಿತಾ ಮಾತು ಶುರುಮಾಡುವ ಮೊದಲೇ ಅವಳು ಗದರಿದಳು.

"ಸುಮ್ಮನಿರು. ನಾನೇ ತಂದದ್ದು ಅಂತ ಹೇಳಿಯಾಯ್ತು. ಆಟಿ ಮುಗಿಯಿತು, ಇನ್ನು ನಿನ್ನ ಮನೆಗೆ ಜನ ಬರ್ಲಿಕ್ಕುಂಟು. ಬಾಯಿ ಬಿಡಬೇಡ."

"ಕ್ಯಾಮೆರಾದಿಂದ ಅಡಗಿಸಲಿಕ್ಕೆ ನಾನು ಪೆಟ್ಟಿಗೆ ಇಟ್ಟದ್ದು ಅಕ್ಕ. ಉಜ್ವಲ್ ಹೇಳಿದ್ದು ಅಂದದ್ದೂ ಸುಳ್ಳು."

"ಅಷ್ಟು ಗೊತ್ತಾಗದವಳಾ ನಾನು?" ನಳಿನಕ್ಕ ಕಣ್ಣು ಮುಚ್ಚಿದಳು. "ಮದುವೆಯಾಗುವ ಹುಡುಗಿಯ ಒಂದು ಸುಳ್ಳು ಅಂತ ಬಿಟ್ಟೆ."

ಆಗ ಉಜ್ವಲ್ ತನ್ನದನ್ನು ಹೇಳಿದ. ಡಿಗ್ರಿಯ ಲೆಕ್ಕ ಬಿಡಿಸಿ ಬಿಡಿಸಿ ಹೇಳಿದ, ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ನಳಿನಕ್ಕ ಕಣ್ಣು ತೆರೆದಳು. ಅದು ಅವಳಿಗೆ ಗೊತ್ತಿರಲಿಲ್ಲ.

"ಅಂದರೆ ಬೆಳಿಗ್ಗೆಯೇ ಕೂಗಬೇಕಿತ್ತು."

"ಹೌದು."

"ಕೂಗಿದ್ದರೆ ನಾನು ಹೊರಗೆ ಓಡುತ್ತಿದ್ದೆ. ಯಾವಾಗಲೂ ನಾನೇ ಮೊದಲು ಓಡುವುದು. ಅಲ್ವಾ ಮಗಾ?"

ದೀಕ್ಷಿತಾ ಹೌದೆಂದು ತಲೆಯಾಡಿಸಿದಳು.

ಉಜ್ವಲ್ ಅಲ್ಲೇ ನಿಂತು ಡೆನ್ವರ್ ಸರ್‌ಗೆ ಫೋನ್ ಮಾಡಿದ. ಪೆಟ್ಟಿಗೆಯ ವಿಷಯ ದೀಕ್ಷಿತಾ ಹೇಳಿದಳು, ಡಿಗ್ರಿಯ ವಿಷಯ ಅವನು ಹೇಳಿದ. ಆ ಕಡೆಯಿಂದ ಬೈಗುಳ ಬಂತು, ಬೆದರಿಕೆ ಬಂತು, ಆಮೇಲೆ ಫೋನ್ ಕಟ್ಟಾಯಿತು. ಬೆಳಿಗ್ಗೆ ಪೊಲೀಸರು ಬರುತ್ತಾರೆಂದು ನರ್ಸ್ ಹೇಳಿ ಹೋದಳು.

ಅವನು ದೀಕ್ಷಿತಾಳ ಕೈ ಹಿಡಿದ, ಮೊದಲ ಬಾರಿಗೆ, ಯಾರಿಗೂ ಮರೆಮಾಡದೆ.

"ಹೊರಗೆ ಹೋಗಿ" ಎಂದಳು ನಳಿನಕ್ಕ. "ಇವತ್ತು ನನಗೆ ಇದನ್ನು ನೋಡ್ಲಿಕ್ಕೆ ಆಗುವುದಿಲ್ಲ."

ಅವರು ಬಾಗಿಲವರೆಗೆ ಹೋದರು. ಹಿಂದಿನಿಂದ ಅವಳ ದನಿ ಮತ್ತೆ ಬಂತು. ಅವಳು ಗೋಡೆಯ ಕಡೆ ಮುಖ ಮಾಡಿದ್ದಳು, ಅಳುತ್ತಿದ್ದಳು.

"ನಾಳೆ ಬನ್ನಿ. ಇಬ್ಬರೂ ಒಟ್ಟಿಗೆ ಬನ್ನಿ. ಒಬ್ಬರೇ ಬಂದರೆ ನಾನು ಈ ಜನ್ಮದಲ್ಲಿ ಮಾತಾಡಿಸುವುದಿಲ್ಲ."

"ಬರುತ್ತೇವೆ ಅಕ್ಕ" ಎಂದಳು ದೀಕ್ಷಿತಾ. ಉಜ್ವಲ್ ಅವಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.